“ಕನ್ನಡದಾಗ ಏನೂ ಸಿಗಂಗಿಲ್ರಿ ಸರ”: ಬೋಧನಾ ಸಾಮಗ್ರಿಯ ಬಗೆಗಿನ ತಪ್ಪು ಕಲ್ಪನೆ ಮತ್ತು ವಾಸ್ತವ

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಶಿಕ್ಷಕರ ಜೊತೆ ಕೂತು ಮಾತಾಡಿದರೆ ಎರಡು ದೂರು ತಪ್ಪದೆ ಬರುತ್ತವೆ. ಪಾಠಕ್ಕೆ ಸಾಮಗ್ರಿ ಇಲ್ಲ ಅನ್ನುವುದು ಒಂದು. ಇದ್ದರೂ ಹುಡುಕಿ ನೋಡಲು ಪುರುಸೊತ್ತಿಲ್ಲ ಅನ್ನುವುದು ಇನ್ನೊಂದು. ಎರಡನೆಯದು ನಿಜ. ಸ್ಯಾಟ್ಸ್ ದಾಖಲೆ, ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆ ಕೆಲಸ, ‘ಇವತ್ತೇ ಮಾಹಿತಿ ಕಳಿಸಿ’ ಎಂಬ ಸಂದೇಶಗಳು, ಇವೆಲ್ಲ ಮುಗಿಸಿ ಉಳಿದ ಹೊತ್ತಿನಲ್ಲಿ ಎರಡು ಮೂರು ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡುವವರ ಕಷ್ಟ ಮಾಡಿದವರಿಗೇ ಗೊತ್ತು. ಖಾಲಿ ಹುದ್ದೆಗಳನ್ನು ಅತಿಥಿ ಶಿಕ್ಷಕರಿಂದ ತುಂಬಿಸಿಕೊಂಡು ನಡೆಯುವ ಶಾಲೆಗಳು ನಮ್ಮ ಕಡೆ ಕಡಿಮೆ ಇಲ್ಲ.

ಆದರೆ ಮೊದಲನೆಯ ದೂರು ಬಹುಪಾಲು ತಪ್ಪು ಕಲ್ಪನೆ. ಸಾಮಗ್ರಿ ಇದೆ, ಅದೂ ಕನ್ನಡದಲ್ಲಿ, ದುಡ್ಡಿಲ್ಲದೆ. ಎಲ್ಲಿದೆ, ಯಾವುದು ನಂಬಿಕೆಗೆ ಅರ್ಹ, ಯಾವುದನ್ನು ಹೇಗೆ ತರಗತಿಗೆ ಒಯ್ಯಬೇಕು ಎಂಬುದನ್ನು ಯಾರೂ ಕೂತು ಹೇಳಿಲ್ಲ, ಅಷ್ಟೆ. ಆ ತೊಂದರೆ ತಪ್ಪಿಸಬಹುದಾದದ್ದು. ಅದಕ್ಕಾಗಿ ಈ ಬರಹ.

ತಪ್ಪು ಕಲ್ಪನೆ: “ನಮ್ಮೂರಾಗ ನೆಟ್‌ವರ್ಕೇ ಬರಂಗಿಲ್ರಿ, ಆನ್‌ಲೈನ್ ಅಂದ್ರ ನಮಗಲ್ಲ”

ವಾಸ್ತವ: ಒಮ್ಮೆ ಇಳಿಸಿಕೊಂಡರೆ ಆಮೇಲೆ ನೆಟ್ ಬೇಡದ ಸಾಮಗ್ರಿಯೇ ಹೆಚ್ಚು.

ದೀಕ್ಷಾವನ್ನೇ ನೋಡಿ. 2017ರ ಸೆಪ್ಟೆಂಬರ್ 5ರಂದು ಶುರುವಾದ ಈ ವೇದಿಕೆಯ ಕ್ಯುಆರ್ ಕೋಡ್‌ಗಳು ನಮ್ಮ ಪಠ್ಯಪುಸ್ತಕಗಳ ಪುಟಗಳಲ್ಲೇ ಅಚ್ಚಾಗಿ ಮಕ್ಕಳ ಕೈಸೇರಿವೆ. ಬಹಳಷ್ಟು ಶಿಕ್ಷಕರು ಆ ಚೌಕವನ್ನು ಒಮ್ಮೆ ಸ್ಕ್ಯಾನ್ ಮಾಡಿ, ಶಾಲೆಯಲ್ಲಿ ಸುತ್ತುತ್ತಲೇ ಇರುವ ಚಕ್ರ ನೋಡಿ ಕೈಬಿಟ್ಟಿದ್ದಾರೆ. ಸ್ಕ್ಯಾನ್ ಮಾಡಬೇಕಾದ ಜಾಗ ಶಾಲೆಯಲ್ಲ. ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲೋ ಲಿಂಗಸುಗೂರಿನ ಮನೆಯಲ್ಲೋ ಸಿಗ್ನಲ್ ಚೆನ್ನಾಗಿರುವಾಗ ಮುಂದಿನ ವಾರದ ಪಾಠದ ಕೋಡ್ ಹಾಕಿ, ಬೇಕಾದದ್ದನ್ನು ಆ್ಯಪ್‌ನಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಶಾಲೆಯಲ್ಲಿ ಅದು ನೆಟ್ ಇಲ್ಲದೆ ಓಡುತ್ತದೆ. ಪುಟ ಹರಿದು ಚೌಕ ಕೆಟ್ಟಿದ್ದರೆ ಅದರ ಕೆಳಗಿರುವ ಆರು ಅಕ್ಷರದ ಸಂಕೇತವನ್ನು ಟೈಪ್ ಮಾಡಿದರೂ ಆಯಿತು. ಇಳಿಸಿಕೊಂಡ ಪಾಠವನ್ನು ಪಕ್ಕದ ಶಿಕ್ಷಕರ ಮೊಬೈಲ್‌ಗೆ ನೆಟ್ ಇಲ್ಲದೆಯೇ ದಾಟಿಸಬಹುದು. ಒಬ್ಬರ ಡೇಟಾ ಖರ್ಚಿನಲ್ಲಿ ಇಡೀ ಶಾಲೆಗೆ ಆಗುತ್ತದೆ.

ಇನ್ನೂ ಎರಡು ಹೇಳಲೇಬೇಕು. ಕಿವಿಕ್ಸ್ ಎಂಬ ಉಚಿತ ಆ್ಯಪ್ ಇದೆ. ಅದರಲ್ಲಿ 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ಒಂದು ಕಡತದಲ್ಲಿ ಇಳಿಸಿ, ಶಾಲೆಯ ಹಳೆಯ ಕಂಪ್ಯೂಟರಿನಲ್ಲೋ ಟ್ಯಾಬಿನಲ್ಲೋ ಇಡಬಹುದು. ಮಕ್ಕಳು ಹುಡುಕಬಹುದು, ಓದಬಹುದು. ಹಾದಿ ತಪ್ಪಿ ಬೇರೆಲ್ಲೋ ಹೋಗುವ ಭಯ ಇಲ್ಲ. ವಿಜ್ಞಾನದ ಶಿಕ್ಷಕರಿಗೆ ಫೆಟ್ ಇದೆ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ ಈ ಅಣಕು ಪ್ರಯೋಗಗಳಲ್ಲಿ ಹಲವು ಕನ್ನಡಕ್ಕೂ ಬಂದಿವೆ. ವಿದ್ಯುತ್ ಮಂಡಲದ ಪ್ರಯೋಗ ತೆರೆದರೆ ಬ್ಯಾಟರಿ, ವೈರ್, ಬಲ್ಬು ಎಲ್ಲ ಪರದೆಯ ಮೇಲಿರುತ್ತವೆ. ಮಗು ಬೆರಳಿನಿಂದ ಎಳೆದು ಜೋಡಿಸಿದರೆ ಬಲ್ಬು ಹೊತ್ತುತ್ತದೆ, ವೈರ್ ಬಿಚ್ಚಿದರೆ ಆರುತ್ತದೆ, ಬ್ಯಾಟರಿಯ ಎರಡು ತುದಿಗಳನ್ನು ಬರೀ ವೈರಿನಿಂದ ಸೇರಿಸಿದರೆ ಬೆಂಕಿ ಕಾಣಿಸುತ್ತದೆ. ಪ್ರಯೋಗಾಲಯ ಇಲ್ಲದ ಪ್ರೌಢಶಾಲೆಗೆ ಇದು ಸಣ್ಣ ಸಹಾಯವಲ್ಲ. ಇದನ್ನೂ ಇಳಿಸಿಟ್ಟುಕೊಂಡು ನೆಟ್ ಇಲ್ಲದೆ ನಡೆಸಬಹುದು.

ತಪ್ಪು ಕಲ್ಪನೆ: “ಎಲ್ಲಾ ಇಂಗ್ಲಿಷ್‌ನಾಗ ಐತ್ರಿ, ಕನ್ನಡದಾಗ ಏನೂ ಸಿಗಂಗಿಲ್ರಿ”

ವಾಸ್ತವ: ಕನ್ನಡದಲ್ಲಿ ಇರುವುದು ಇಂಗ್ಲಿಷಿನಷ್ಟಿಲ್ಲ, ಒಪ್ಪೋಣ. ಏನೂ ಇಲ್ಲ ಅನ್ನುವುದು ಮಾತ್ರ ಸುಳ್ಳು. ಸಿಗದೆ ಇರುವುದಕ್ಕೆ ನಾವು ಹುಡುಕುವ ರೀತಿಯೂ ಒಂದು ಕಾರಣ.

‘ದ್ಯುತಿಸಂಶ್ಲೇಷಣೆ’ ಪಾಠಕ್ಕೆ ಏನಾದರೂ ಬೇಕೆಂದು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಪದವನ್ನು ಟೈಪ್ ಮಾಡಿ ಹುಡುಕಿದರೆ ಬರುವುದು ಒಂದು, ಕನ್ನಡ ಲಿಪಿಯಲ್ಲೇ ಟೈಪ್ ಮಾಡಿದರೆ ಬರುವುದು ಇನ್ನೊಂದು. ಮೊಬೈಲ್ ಕೀಲಿಮಣೆಯಲ್ಲಿ ಕನ್ನಡ ಹಾಕಿಕೊಳ್ಳಿ, ಇಲ್ಲವೇ ಮೈಕ್ ಒತ್ತಿ ಕನ್ನಡದಲ್ಲೇ ಹೇಳಿ. ಇನ್ನೊಂದು ತೊಡಕು ಹೆಚ್ಚಿನವರಿಗೆ ಗೊತ್ತಿಲ್ಲ. ನಮ್ಮ ಇಲಾಖೆಗಳ ಎಷ್ಟೋ ಹಳೆಯ ಪಿಡಿಎಫ್‌ಗಳು ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ತಯಾರಾದವು. ಕಣ್ಣಿಗೆ ಕನ್ನಡ ಕಂಡರೂ ಯಂತ್ರಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಹಾಗಾಗಿ ಗೂಗಲ್‌ಗೆ ಅವು ಸಿಗುವುದೇ ಇಲ್ಲ. ಕಾಪಿ ಮಾಡಿ ಅಂಟಿಸಿದರೆ ಚಿತ್ರವಿಚಿತ್ರ ಚಿಹ್ನೆ ಬರುತ್ತದೆ. ಇದು ಶಿಕ್ಷಕರ ತಪ್ಪಲ್ಲ. ಯೂನಿಕೋಡ್ ಬಂದು ಇಷ್ಟು ವರ್ಷವಾದ ಮೇಲೂ ಹೀಗಿರುವುದು ಬೇಸರದ ಸಂಗತಿ. ಇಂಥ ಸಾಮಗ್ರಿಯನ್ನು ಹುಡುಕುಪೆಟ್ಟಿಗೆಯಲ್ಲಿ ಅರಸದೆ ನೇರವಾಗಿ ಆಯಾ ತಾಣಕ್ಕೆ ಹೋಗಿ ತರಗತಿ, ವಿಷಯ ಆರಿಸಿಕೊಂಡು ತೆಗೆಯಬೇಕು. ಕರ್ನಾಟಕ ಪಠ್ಯಪುಸ್ತಕ ಸಂಘದ ತಾಣದಲ್ಲಿರುವ ಪಠ್ಯಪುಸ್ತಕಗಳಿಗೂ ಡಿಎಸ್‌ಇಆರ್‌ಟಿ ತಾಣದಲ್ಲಿರುವ ಶಿಕ್ಷಕರ ಕೈಪಿಡಿಗಳಿಗೂ ಇದೇ ದಾರಿ. ಕೋವಿಡ್ ನಂತರ 2022–23ರಲ್ಲಿ ಬಂದ ‘ಕಲಿಕಾ ಚೇತರಿಕೆ’ಯ ಕಲಿಕಾ ಹಾಳೆಗಳನ್ನು ಆ ವರ್ಷ ಮುಗಿಯಿತೆಂದು ಬಹಳ ಕಡೆ ಮರೆತೇಬಿಟ್ಟರು. ಹಿಂದುಳಿದ ಮಕ್ಕಳಿಗೆ ಅಭ್ಯಾಸ ಕೊಡಲು ಅವು ಇವತ್ತಿಗೂ ಒಳ್ಳೆಯವು.

ಇನ್ನು ಕನ್ನಡದ್ದೇ ತಾಣಗಳು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ, ಎಲ್ಲರ ಬಾಯಲ್ಲಿ ‘ಕೋಯರ್’, ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಜೊತೆಗೂಡಿ ವಿಕಿ ಮಾದರಿಯಲ್ಲಿ ಕಟ್ಟಿದ್ದು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಕನ್ನಡ ಪಾಠಗಳಿಗೆ ಪರಿಕಲ್ಪನಾ ನಕ್ಷೆ, ಚಟುವಟಿಕೆ, ಜಿಯೋಜೀಬ್ರಾ ಕಡತ ಎಲ್ಲ ಅಲ್ಲಿವೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ‘ಲರ್ನಿಂಗ್ ಕರ್ವ್’ ಮತ್ತು ವಿಜ್ಞಾನ ಶಿಕ್ಷಕರಿಗಾಗಿ ಬರುವ ‘ಐ ವಂಡರ್’ ಪತ್ರಿಕೆಗಳು ಕನ್ನಡದಲ್ಲೂ ಓದಲು ಸಿಗುತ್ತವೆ. ಅದೇ ವಿಶ್ವವಿದ್ಯಾಲಯದ ‘ಅನುವಾದ ಸಂಪದ’ದಲ್ಲಿ ಶಿಕ್ಷಣದ ಬಗ್ಗೆ ಜಗತ್ತಿನ ಒಳ್ಳೊಳ್ಳೆಯ ಬರಹಗಳು ಕನ್ನಡಕ್ಕೆ ಬಂದಿವೆ. ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸುವ ಅರವಿಂದ್ ಗುಪ್ತ (2018ರ ಪದ್ಮಶ್ರೀ) ಅವರ ತಾಣದಲ್ಲಿ ಕನ್ನಡ ಪುಸ್ತಕಗಳೂ ಇವೆ. ಬೆಂಕಿಪೊಟ್ಟಣ, ಸೈಕಲ್ ಟ್ಯೂಬಿನ ವಾಲ್ವ್, ಸ್ಟ್ರಾ, ಹಳೆ ಚಪ್ಪಲಿ ರಬ್ಬರು, ಅವರ ಪ್ರಯೋಗಕ್ಕೆ ಬೇಕಾದ್ದೆಲ್ಲ ಮಸ್ಕಿ ಸಂತೆಯಲ್ಲೇ ಸಿಗುತ್ತದೆ. ಪದದ ಅರ್ಥ ಬೇಕಾದರೆ ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂಡಿಸಿದ, ಒಂದೂವರೆ ಲಕ್ಷಕ್ಕೂ ಮಿಕ್ಕಿ ಪದಗಳಿರುವ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು ಉಚಿತವಾಗಿ ತೆರೆದಿದೆ. ಇಂಗ್ಲಿಷ್ ಪಾಠ ಮಾಡುವವರು ಇದನ್ನು ಮೊಬೈಲ್‌ನ ಮುಖಪುಟದಲ್ಲೇ ಇಟ್ಟುಕೊಳ್ಳಬೇಕು.

ತಪ್ಪು ಕಲ್ಪನೆ: “ನಮ್ಮ ಭಾಗದ ಬಗ್ಗೆ ಯಾರು ಬರದಾರ್ರಿ?”

ವಾಸ್ತವ: ನನಗೆ ಬಹಳ ನೋವು ಕೊಡುವ ಮಾತು ಇದು. ಹಿಂದುಳಿದ ಭಾಗ ಎಂದು ಕೇಳಿ ಕೇಳಿ, ಕಲಿಸುವುದಕ್ಕೆ ಇಲ್ಲಿ ಏನೂ ಇಲ್ಲ ಎಂದು ನಮ್ಮ ಶಿಕ್ಷಕರೇ ನಂಬಿಬಿಟ್ಟಿದ್ದಾರೆ. ಇಡೀ ಭಾರತದ ಇತಿಹಾಸದ ಒಂದು ಗಂಟು ಬಿಚ್ಚಿದ್ದು ನಮ್ಮ ಮಸ್ಕಿಯಲ್ಲಿ.

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದ ಮೇಲೂ ಶಾಸನಗಳಲ್ಲಿ ಸಿಗುತ್ತಿದ್ದುದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳೇ. ಆ ಬಿರುದುಗಳ ದೊರೆ ಅಶೋಕನೇ ಎಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಿದ್ದರು. ಶಾಸನದ ಸಾಕ್ಷಿ ಇರಲಿಲ್ಲ. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಮಸ್ಕಿಯ ಗುಡ್ಡದ ಬಂಡೆಯಲ್ಲಿ ಕಂಡ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿ ಅದನ್ನು ಓದಿ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲನೆಯ ಪುಸ್ತಕವಾಗಿ ಪ್ರಕಟಿಸಿದರು. ಹಕ್ಕುಸ್ವಾಮ್ಯದ ಅವಧಿ ಮುಗಿದ ಆ ಪುಸ್ತಕ, 1925ರಲ್ಲಿ ಹುಲ್ಟ್ಜ್ ಸಂಪಾದಿಸಿದ ಅಶೋಕನ ಶಾಸನಗಳ ಸಂಪುಟ, ಎರಡೂ ಇಂಟರ್ನೆಟ್ ಆರ್ಕೈವ್‌ನಲ್ಲಿ ಶಾಸನದ ಅಚ್ಚು ಪ್ರತಿಯ ಚಿತ್ರದ ಸಮೇತ ಸಿಗುತ್ತವೆ. ಇಂಗ್ಲಿಷಿನಲ್ಲಿವೆ, ನಿಜ. ಚಿತ್ರ ತೋರಿಸಲು ಇಂಗ್ಲಿಷ್ ಬೇಕಿಲ್ಲ.

ಇದನ್ನು ತರಗತಿಯಲ್ಲಿ ಹೇಗೆ ಬಳಸಬಹುದು ಎಂದು ಒಂದಿಷ್ಟು ವಿವರವಾಗಿ ಹೇಳುತ್ತೇನೆ. ಶಾಸನದ ಚಿತ್ರವನ್ನು ಒಂದು ಎ4 ಹಾಳೆಯಲ್ಲಿ ಅಚ್ಚು ಹಾಕಿಸಿ. ಇನ್ನೊಂದು ಹಾಳೆಯಲ್ಲಿ ಬ್ರಾಹ್ಮಿ ಅಕ್ಷರಮಾಲೆ. ‘ಅಕ್ಷರಮುಖ’ ಎಂಬ ಉಚಿತ ತಾಣದಲ್ಲಿ ಕನ್ನಡದಲ್ಲಿ ಬರೆದದ್ದು ಬ್ರಾಹ್ಮಿಗೆ ತಿರುಗುತ್ತದೆ, ಹಾಗಾಗಿ ಅಕ್ಷರಮಾಲೆಯನ್ನು ನಾವೇ ಮಾಡಿಕೊಳ್ಳಬಹುದು. ಬ್ರಾಹ್ಮಿಯಲ್ಲಿ ‘ಕ’ ಎಂದರೆ ಕೂಡಿಸುವ ಚಿಹ್ನೆ. ‘ಠ’ ಬರೀ ಒಂದು ಸೊನ್ನೆ. ‘ಗ’ ಗುಡಿಸಲಿನ ಮೇಲ್ಛಾವಣಿಯ ಆಕಾರ. ಇಷ್ಟು ಹೇಳಿಕೊಟ್ಟು, ‘ಈ ಚಿತ್ರದಲ್ಲಿ ಕೂಡಿಸುವ ಚಿಹ್ನೆ ಎಲ್ಲೆಲ್ಲಿದೆ ಹುಡುಕಿರಿ’ ಎಂದರೆ ಆರನೆಯ ತರಗತಿಯ ಮಗು ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯ ಕಲ್ಲಿನ ಮೇಲೆ ತಾನಾಗಿ ಒಂದು ಅಕ್ಷರ ಓದುತ್ತದೆ. ಆಮೇಲೆ ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆಯುತ್ತದೆ. ಮರುವಾರ ಶಾಸನದ ಹತ್ತಿರಕ್ಕೇ ಕರೆದೊಯ್ಯಿರಿ; ಮಸ್ಕಿ, ಸಿಂಧನೂರು, ಲಿಂಗಸುಗೂರಿನ ಯಾವ ಶಾಲೆಗೂ ಅದು ದೂರವಲ್ಲ. ಈ ಎರಡು ಹಾಳೆಗೆ ಆಗುವ ಖರ್ಚು ಒಂದು ಚಹಾದಷ್ಟೂ ಇಲ್ಲ.

ಮಸ್ಕಿ ಅಷ್ಟಕ್ಕೇ ಮುಗಿಯುವುದಿಲ್ಲ. 1954ರಲ್ಲಿ ಬಿ. ಕೆ. ಥಾಪರ್ ಮಾಡಿದ ಉತ್ಖನನದ ವರದಿ ‘ಏನ್ಷಿಯಂಟ್ ಇಂಡಿಯಾ’ ಪತ್ರಿಕೆಯಲ್ಲಿದೆ. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ನವಶಿಲಾಯುಗದ ದನಗಾಹಿಗಳ ನೆಲೆಯನ್ನು ಎಫ್. ಆರ್. ಆಲ್ಚಿನ್ ಅಗೆದು 1960ರಲ್ಲಿ ಪುಸ್ತಕ ತಂದರು. ಅಲ್ಲಿನ ಬಂಡೆಗಳ ಮೇಲೆ ಆ ಕಾಲದ ಎತ್ತುಗಳ ಚಿತ್ರಗಳು ಈಗಲೂ ಇವೆ. ಮುದಗಲ್ಲಿನ ಕೋಟೆ, ಜಲದುರ್ಗ, ಹಟ್ಟಿಯ ಚಿನ್ನದ ಗಣಿ, ಹಟ್ಟಿ–ಮಸ್ಕಿ ಶಿಲಾಪಟ್ಟಿ, ಇವುಗಳಿಗೆಲ್ಲ 1970ರ ರಾಯಚೂರು ಜಿಲ್ಲಾ ಗ್ಯಾಸೆಟಿಯರ್ ಒಳ್ಳೆಯ ಆರಂಭ. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ದೇಶದಲ್ಲಿ ಅದಿರಿನಿಂದ ಚಿನ್ನ ತೆಗೆಯುವ ದೊಡ್ಡ ಗಣಿ ಎಂದರೆ ಹಟ್ಟಿಯದೇ. ಲೋಹಗಳ ಪಾಠಕ್ಕೆ ಬೇರೆ ಉದಾಹರಣೆ ಯಾಕೆ ಬೇಕು? ಭೂಗೋಳಕ್ಕೆ ಇಸ್ರೋದ ‘ಭುವನ್’ ತೆರೆದು ಉಪಗ್ರಹ ಚಿತ್ರ ತೋರಿಸಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಸಿಂಧನೂರಿನ ಭತ್ತದ ಗದ್ದೆಗಳ ಹಸಿರು, ಕಾಲುವೆ ನೀರು ತಲುಪದ ಮಸ್ಕಿ, ಲಿಂಗಸುಗೂರು ಹೊಲಗಳ ಕಂದು, ಎರಡೂ ಒಂದೇ ಪರದೆಯಲ್ಲಿ ಕಾಣುತ್ತವೆ. ನೀರಾವರಿ ಎಂದರೇನು ಎಂದು ಆಮೇಲೆ ವಿವರಿಸುವ ಕಷ್ಟ ಇರುವುದಿಲ್ಲ. ಮಕ್ಕಳೇ ವಿವರಿಸುತ್ತಾರೆ. ಸುಗ್ಗಿ ಕೆಲಸಕ್ಕೆ ಆ ಕಡೆ ಹೋಗಿ ಬಂದ ಅವ್ವ, ಅಪ್ಪ ಅವರ ಮನೆಯಲ್ಲೇ ಇದ್ದಾರೆ.

ತಪ್ಪು ಕಲ್ಪನೆ: “ವಾಟ್ಸಾಪ್ ಗ್ರೂಪಿಗೆ ಎಲ್ಲಾ ಬರ್ತೈತ್ರಿ, ಅದ ಸಾಕು”

ವಾಸ್ತವ: ಶಿಕ್ಷಕರ ಗುಂಪುಗಳಿಂದ ಉಪಕಾರ ಆಗಿದೆ. ಆದೇಶ, ಸುತ್ತೋಲೆ, ತರಬೇತಿಯ ದಿನಾಂಕ ತಿಳಿಯುವುದು ಅಲ್ಲಿಂದಲೇ. ಪಾಠದ ಸಾಮಗ್ರಿಗೆ ಅದನ್ನೇ ನೆಚ್ಚಿಕೊಂಡರೆ ಮಾತ್ರ ಕೆಡುಕು. ಕಡತದ ಮೇಲೆ ಯಾರು ಬರೆದರು, ಯಾವ ವರ್ಷದ್ದು ಎಂಬುದೇ ಇರುವುದಿಲ್ಲ. ನಮ್ಮ ಕನ್ನಡ ಮತ್ತು ಸಮಾಜ ವಿಜ್ಞಾನ ಪಠ್ಯಗಳು 2022ರಲ್ಲಿ ಪರಿಷ್ಕಾರವಾದವು, 2023ರಲ್ಲಿ 6ರಿಂದ 10ನೆಯ ತರಗತಿಯವು ಬದಲಾದವು, 2024ರಲ್ಲಿ ಮತ್ತೆ ತಿದ್ದುಪಡಿಯಾದವು. ಹಳೆಯ ನೋಟ್ಸ್ ಹಿಡಿದು ಪಾಠ ಮಾಡಿದರೆ ಮಕ್ಕಳ ಕೈಯಲ್ಲಿರುವ ಪುಸ್ತಕದಲ್ಲಿ ಇಲ್ಲದ್ದನ್ನು ಕಲಿಸಿದಂತಾಗುತ್ತದೆ. ಎಸ್ಸೆಸ್ಸೆಲ್ಸಿಗೆ ಹರಿದಾಡುವ ‘ಪಾಸಿಂಗ್ ಪ್ಯಾಕೇಜ್’ಗಳೂ ಅಷ್ಟೆ. ಪರೀಕ್ಷೆಯ ಮಾದರಿ ಪ್ರಶ್ನೆಪತ್ರಿಕೆ, ನೀಲನಕ್ಷೆ ಬೇಕಾದರೆ ಪರೀಕ್ಷೆ ನಡೆಸುವ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯ ತಾಣದಿಂದಲೇ ತೆಗೆಯಬೇಕು.

ತಪ್ಪು ಹೇಗೆ ಹರಡುತ್ತದೆ ಎಂಬುದಕ್ಕೆ ಮತ್ತೆ ಮಸ್ಕಿಯೇ ಉದಾಹರಣೆ. ‘ಅಶೋಕನ ಹೆಸರಿರುವ ಏಕೈಕ ಶಾಸನ ಮಸ್ಕಿ’ ಎಂಬ ಸಾಲು ಸ್ಪರ್ಧಾತ್ಮಕ ಪರೀಕ್ಷೆಯ ನೋಟ್ಸ್‌ಗಳಲ್ಲಿ, ಫಾರ್ವರ್ಡ್‌ಗಳಲ್ಲಿ, ಕ್ವಿಜ್‌ಗಳಲ್ಲಿ ಇಂದಿಗೂ ಓಡಾಡುತ್ತಿದೆ. ಮೊದಲು ಸಿಕ್ಕದ್ದು ಮಸ್ಕಿಯದು, ಅದು ಸರಿ. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲೂ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳಗಳಲ್ಲೂ ಆ ಹೆಸರಿನ ಶಾಸನಗಳು ಸಿಕ್ಕವು. ನಿಟ್ಟೂರು, ಉಡೇಗೋಳ ಎರಡೂ ಸಿರುಗುಪ್ಪ ಸೀಮೆಯವು, ಸಿಂಧನೂರಿನಿಂದ ತುಂಗಭದ್ರೆ ದಾಟಿದರೆ ಬರುವ ಊರುಗಳು! ಹೊಳೆಯಾಚೆಯ ಸಂಗತಿ ಗೊತ್ತಿಲ್ಲದೆ ನಮ್ಮ ಮಕ್ಕಳಿಗೆ ‘ಏಕೈಕ’ ಎಂದು ಬಾಯಿಪಾಠ ಮಾಡಿಸುತ್ತಿದ್ದೇವೆ. ಇದರಿಂದ ಮಸ್ಕಿಯ ಮಹತ್ವ ಕಡಿಮೆಯಾಗುವುದಿಲ್ಲ. ಈ ನೆಲದ ಕಥೆ ಇನ್ನೂ ದೊಡ್ಡದಾಗುತ್ತದೆ.

ತಪ್ಪು ಕಲ್ಪನೆ: “ಝೆರಾಕ್ಸ್ ಮಾಡಿ ಕೊಟ್ರ ಕೇಸ್ ಆಗ್ತೈತಿ” ಮತ್ತು “ನೆಟ್‌ನಾಗ ಐತಂದ್ರ ಎಲ್ಲಾರದೂ”

ವಾಸ್ತವ: ಎರಡೂ ತಪ್ಪು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಕಲಮು, ಬೋಧನೆಯ ಭಾಗವಾಗಿ ಶಿಕ್ಷಕರೂ ವಿದ್ಯಾರ್ಥಿಗಳೂ ಕೃತಿಯ ಪ್ರತಿ ಮಾಡಿಕೊಳ್ಳುವುದಕ್ಕೆ, ಪ್ರಶ್ನೆಪತ್ರಿಕೆಯಲ್ಲಿ ಬಳಸುವುದಕ್ಕೆ ವಿನಾಯಿತಿ ಕೊಟ್ಟಿದೆ. ದೆಹಲಿ ವಿಶ್ವವಿದ್ಯಾಲಯದ ಝೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ಪ್ರಕಾಶಕರು ಹೂಡಿದ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಈ ವಿನಾಯಿತಿಯನ್ನು ಎತ್ತಿಹಿಡಿಯಿತು. ಒಂದು ಕಥೆಯನ್ನು, ಒಂದು ಅಧ್ಯಾಯವನ್ನು ನಿಮ್ಮ ಮಕ್ಕಳಿಗೆ ಪ್ರತಿ ಮಾಡಿ ಕೊಡಲು ಹೆದರಬೇಕಿಲ್ಲ. ಅದೇ ಪುಟಗಳನ್ನು ಸೇರಿಸಿ ‘ಗೈಡ್’ ಮಾಡಿ ಮಾರಿದರೆ ಆ ರಕ್ಷಣೆ ಇಲ್ಲ. ಕೋಯರ್‌ನಂಥ ಕಡೆ ಇರುವ ಮುಕ್ತ ಪರವಾನಗಿ ಇನ್ನೂ ಒಂದು ಹೆಜ್ಜೆ ಮುಂದೆ: ತಿದ್ದಬಹುದು, ಸೇರಿಸಬಹುದು, ಹಂಚಬಹುದು, ಮೂಲ ಬರೆದವರ ಹೆಸರು ಉಳಿಸಬೇಕು.

ತಪ್ಪು ಕಲ್ಪನೆ: “ಸ್ಮಾರ್ಟ್ ಕ್ಲಾಸ್ ಬಂದ್ರ ಪಾಠ ತಾನಾಗೇ ಆಗ್ತೈತಿ”

ವಾಸ್ತವ: ಪರದೆಯೊಂದೇ ಪಾಠ ಮಾಡುವುದಿಲ್ಲ. 2020–21ರಲ್ಲಿ ಶಾಲೆ ಮುಚ್ಚಿದ್ದಾಗ ದೂರದರ್ಶನ ಚಂದನದಲ್ಲಿ ಬಂದ ‘ಸಂವೇದ’ ಪಾಠಗಳು ಚೆನ್ನಾಗಿದ್ದವು. ಅವು ಯೂಟ್ಯೂಬಿನಲ್ಲಿವೆ, ಇಂದಿಗೂ ಬಳಸಬಹುದು. ಆದರೆ ಅರ್ಧ ಗಂಟೆಯ ವಿಡಿಯೊ ಹಾಕಿ ಶಿಕ್ಷಕರು ಪಕ್ಕದ ತರಗತಿಗೆ ಹೋದರೆ ಮೊದಲ ಐದು ನಿಮಿಷದ ನಂತರ ಹಿಂದಿನ ಸಾಲಿನ ಮಕ್ಕಳು ಅಲ್ಲಿರುವುದಿಲ್ಲ. ಮೂರು ನಾಲ್ಕು ನಿಮಿಷದ ತುಣುಕು ಆರಿಸಿ, ಹಾಕುವ ಮೊದಲು ಒಂದು ಪ್ರಶ್ನೆ ಕೊಟ್ಟು, ನಡುವೆ ನಿಲ್ಲಿಸಿ ‘ಮುಂದ ಏನಾಗಬಹುದು?’ ಎಂದು ಕೇಳಿದರೆ ಅದೇ ವಿಡಿಯೊ ಪಾಠವಾಗುತ್ತದೆ. ಮನೆಯಲ್ಲಿ ಒಮ್ಮೆ ಪೂರ್ತಿ ನೋಡದೆ ಯಾವ ವಿಡಿಯೊವನ್ನೂ ತರಗತಿಗೆ ಒಯ್ಯಬಾರದು.

ತಪ್ಪು ಕಲ್ಪನೆ: “ಅಲ್ಮೇರಾದಾಗ ಇರೋದು ಹಳೇ ರದ್ದಿ”

ವಾಸ್ತವ: ಆ ಅಲ್ಮೇರಾದ ಬೀಗ ತೆಗೆಯಿರಿ.

ಕಲ್ಯಾಣ ಕರ್ನಾಟಕದ ಪ್ರಾಥಮಿಕ ಶಾಲೆಗಳಿಗೆ ಅಕ್ಷರ ಫೌಂಡೇಶನ್‌ನ ‘ಗಣಿತ ಕಲಿಕಾ ಆಂದೋಲನ’ದಲ್ಲಿ ಗಣಿತ ಕಿಟ್ ಬಂದಿತ್ತು. ಅಬ್ಯಾಕಸ್, ಬಿಡಿ–ಹತ್ತು–ನೂರರ ಕಟ್ಟುಗಳು, ಭಿನ್ನರಾಶಿ ಪಟ್ಟಿಗಳು, ದಾಳ, ಗಡಿಯಾರ, ಆಟದ ನೋಟುಗಳು. ಸಾಮಾನು ಕಳೆದರೆ ಲೆಕ್ಕ ಕೊಡಬೇಕೆಂಬ ಹೆದರಿಕೆಯಿಂದ ಎಷ್ಟೋ ಕಡೆ ಅದು ಹೊರಗೆ ಬರುವುದಿಲ್ಲ. ಹೆದರಿಕೆ ಅರ್ಥವಾಗುವಂಥದ್ದೇ. ಆದರೆ ಒಂದು ಪಟ್ಟಿ ಮುರಿದರೆ ರಟ್ಟಿನಲ್ಲಿ ಇನ್ನೊಂದು ಕತ್ತರಿಸಬಹುದು. ಅರ್ಧ ಮತ್ತು ಮೂರನೆಯ ಒಂದು ಭಾಗ ಕೂಡಿಸಿದರೆ ಯಾಕೆ ಐದನೆಯ ಎರಡು ಬರುವುದಿಲ್ಲ ಎಂಬುದನ್ನು ಆ ಭಿನ್ನರಾಶಿ ಪಟ್ಟಿಗಳನ್ನು ಒಂದರ ಕೆಳಗೊಂದು ಇಟ್ಟು ತೋರಿಸಿದಷ್ಟು ಸರಾಗವಾಗಿ ಯಾವ ಕರಿಹಲಗೆಯೂ ತೋರಿಸಲಾರದು. ಅರ್ಧದ ಪಟ್ಟಿ, ಅದರ ಪಕ್ಕಕ್ಕೆ ಮೂರನೆಯ ಒಂದರ ಪಟ್ಟಿ. ಕೆಳಗೆ ಆರನೆಯ ಒಂದರ ಪಟ್ಟಿಗಳನ್ನು ಜೋಡಿಸುತ್ತಾ ಹೋದರೆ ಐದು ಬರುತ್ತವೆ. ಮಗು ಕಣ್ಣಾರೆ ಎಣಿಸುತ್ತದೆ. ಕಿಟ್ ಇಲ್ಲದವರು ಅದೇ ಸಂಸ್ಥೆಯ ‘ಬಿಲ್ಡಿಂಗ್ ಬ್ಲಾಕ್ಸ್’ ಆ್ಯಪ್ ನೋಡಬಹುದು, ಕನ್ನಡದಲ್ಲಿದೆ. ಆದರೆ ಕೈಯಲ್ಲಿ ಹಿಡಿಯುವುದು ಕೈಯಲ್ಲಿ ಹಿಡಿಯುವುದೇ.

ಅದೇ ಅಲ್ಮೇರಾದಲ್ಲಿ ಗ್ರಂಥಾಲಯ ಅನುದಾನದ ಪುಸ್ತಕಗಳೂ ಇರುತ್ತವೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯ ಹಂತಕ್ಕೆ ತಕ್ಕಂತೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಇದಕ್ಕೆಂದೇ ಅವಕಾಶವಿದೆ. ಪುಸ್ತಕಗಳನ್ನು ಹಗ್ಗಕ್ಕೆ ನೇತುಹಾಕಿ, ಮಕ್ಕಳು ಮುಟ್ಟಲಿ. ಪತ್ರಿಕೆಗಳಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’, ಭಾರತ ಜ್ಞಾನ ವಿಜ್ಞಾನ ಸಮಿತಿಯ ‘ಟೀಚರ್’, ಈ ಎರಡನ್ನಾದರೂ ಶಾಲೆಗೆ ತರಿಸಬೇಕು. ಶಾಲೆಯಲ್ಲಿ ಪುಸ್ತಕ ಸಾಲದಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗಿನ ‘ಅರಿವು ಕೇಂದ್ರ’, ಇದೆ. 2020ರ ಮಕ್ಕಳ ದಿನಾಚರಣೆಯಂದು ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಶನಿವಾರ ಬೆಳಗಿನ ಶಾಲೆ ಮುಗಿಸಿ ಒಂದು ತರಗತಿಯನ್ನು ಅಲ್ಲಿಗೆ ಕರೆದುಕೊಂಡು ಹೋಗುವುದಕ್ಕೆ ಯಾವ ಆದೇಶವೂ ಬೇಕಾಗಿಲ್ಲ.

ತಪ್ಪು ಕಲ್ಪನೆ: “ಕ್ಯಾಂಪಿನ ಹುಡುಗ್ರಿಗೆ, ತಾಂಡಾದ ಹುಡುಗ್ರಿಗೆ ಕನ್ನಡ ಬರಂಗಿಲ್ಲ, ಏನ್ ಕೊಟ್ರೂ ಅಷ್ಟ”

ವಾಸ್ತವ: ಆ ಮಕ್ಕಳಿಗೆ ಭಾಷೆ ಬರುತ್ತದೆ. ಶಾಲೆಯ ಭಾಷೆ ಇನ್ನೂ ಬಂದಿಲ್ಲ, ಅಷ್ಟೆ. ಸಿಂಧನೂರು ತಾಲ್ಲೂಕಿನಂಥ ತರಗತಿಗಳು ಕರ್ನಾಟಕದಲ್ಲಿ ಅಪರೂಪ. ಕಾಲುವೆ ಬಂದ ಮೇಲೆ ನೆಲೆಸಿದ ಆಂಧ್ರದ ರೈತರ ಕ್ಯಾಂಪುಗಳಲ್ಲಿ ತೆಲುಗು, ಪೂರ್ವ ಪಾಕಿಸ್ತಾನದಿಂದ ಬಂದ ಕುಟುಂಬಗಳ ಆರ್.ಎಚ್. ಕ್ಯಾಂಪುಗಳಲ್ಲಿ ಬಂಗಾಳಿ, ಪಟ್ಟಣಗಳಲ್ಲಿ ಉರ್ದು, ಲಿಂಗಸುಗೂರು ಕಡೆಯ ತಾಂಡಾಗಳಲ್ಲಿ ಲಂಬಾಣಿ.

ಪ್ರಥಮ್ ಬುಕ್ಸ್ 2015ರ ಸಾಕ್ಷರತಾ ದಿನದಂದು ತೆರೆದ ‘ಸ್ಟೋರಿವೀವರ್’ ಇಲ್ಲಿಗೆ ಹೇಳಿ ಮಾಡಿಸಿದಂತಿದೆ. ಮಕ್ಕಳ ಚಿತ್ರಕಥೆಗಳು ನಾಲ್ಕು ಓದಿನ ಹಂತಗಳಲ್ಲಿ, ಉಚಿತವಾಗಿ, ಮುಕ್ತ ಪರವಾನಗಿಯಲ್ಲಿವೆ. ಎಷ್ಟೋ ಕಥೆಗಳು ಕನ್ನಡದಲ್ಲೂ ತೆಲುಗಿನಲ್ಲೂ ಬಂಗಾಳಿಯಲ್ಲೂ ಉರ್ದುವಿನಲ್ಲೂ ಅದೇ ಚಿತ್ರಗಳೊಂದಿಗೆ ಸಿಗುತ್ತವೆ. ಮೊದಲ ಹಂತದ ಒಂದು ಕಥೆಯ ಕನ್ನಡ ಮತ್ತು ಬಂಗಾಳಿ ಪ್ರತಿಗಳನ್ನು ಅಚ್ಚು ಹಾಕಿಸಿ. ಬಂಗಾಳಿ ಪ್ರತಿಯನ್ನು ಓದಲು ಬರುವ ಅಜ್ಜನನ್ನೋ ದೊಡ್ಡ ತರಗತಿಯ ಅಕ್ಕನನ್ನೋ ಶಾಲೆಗೆ ಕರೆದು ಮಗುವಿಗೆ ಓದಿಸಿ. ಕಥೆ ಗೊತ್ತಾದ ಮೇಲೆ ಅದೇ ಚಿತ್ರಗಳ ಕನ್ನಡ ಪ್ರತಿ ಕೊಡಿ. ಲಂಬಾಣಿಗೆ ಅಚ್ಚಿನ ಸಾಮಗ್ರಿ ಕಡಿಮೆ. ಅಲ್ಲಿ ತಾಂಡಾದ ಹಿರಿಯರ ಬಾಯಿಮಾತಿನ ಕಥೆಯನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಕನ್ನಡ ಲಿಪಿಯಲ್ಲಿ ಬರೆದು, ಎದುರಿಗೆ ಕನ್ನಡ ವಾಕ್ಯ ಬರೆಯಬೇಕು. ಇದು ಕೆಲಸ ಹೌದು. ಬೇರೆ ಯಾರೂ ಬಂದು ಮಾಡಿಕೊಡುವುದಿಲ್ಲ.

ತಪ್ಪು ಕಲ್ಪನೆ: “ಸಾಮಗ್ರಿ ಮೇಲಿಂದ ಬರಬೇಕು, ನಾವು ಬಳಸೋರಷ್ಟ”

ವಾಸ್ತವ: ಇಡೀ ರಾಜ್ಯ ಇಂದು ಬಳಸುವ ನಲಿ–ಕಲಿ ಮೇಲಿಂದ ಬಂದದ್ದಲ್ಲ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ಅಲ್ಲಿನ ಕಾರ್ಡುಗಳನ್ನು ನೋಡಿ ಬಂದು, ತಮ್ಮ ಮಕ್ಕಳಿಗೆ ತಕ್ಕಂತೆ ತಾವೇ ಕಾರ್ಡು ಬರೆದರು. ತರಗತಿಯಲ್ಲಿ ಪರೀಕ್ಷಿಸಿದರು, ತಿದ್ದಿದರು. ಕಲಿಕಾ ಏಣಿ, ಮೈಲಿಗಲ್ಲು, ತಲೆಯ ಮೇಲಿನ ಚಪ್ಪರ ಬೆಳೆದು ಬಂದದ್ದು ಆ ಕೆಲಸದಿಂದ. 2009–10ರಿಂದ ಅದು ರಾಜ್ಯದ ಶಾಲೆಗಳಿಗೆಲ್ಲ ಹಬ್ಬಿತು. ಕೋಯರ್ ಪುಟಗಳಲ್ಲೂ ಬಹಳಷ್ಟನ್ನು ಬರೆದವರು ಪ್ರೌಢಶಾಲೆಯ ಶಿಕ್ಷಕರೇ.

ನಮ್ಮ ಜಿಲ್ಲೆಗೂ ಇಂಥ ಹಿನ್ನೆಲೆ ಇದೆ. 1990ರ ದಶಕದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ (ಡಿಪಿಇಪಿ) ಕರ್ನಾಟಕಕ್ಕೆ ಬಂದಾಗ ಮೊದಲ ಹಂತಕ್ಕೆ ಆಯ್ಕೆಯಾದ ನಾಲ್ಕು ಜಿಲ್ಲೆಗಳಲ್ಲಿ ರಾಯಚೂರು ಒಂದು. ಬೆಳಗಾವಿ, ಕೋಲಾರ, ಮಂಡ್ಯ ಉಳಿದ ಮೂರು. ಬಿಆರ್‌ಸಿ, ಸಿಆರ್‌ಸಿಗಳು ಹುಟ್ಟಿದ್ದು ಆ ಯೋಜನೆಯಲ್ಲಿ. ಶಿಕ್ಷಕರು ತಿಂಗಳಿಗೊಮ್ಮೆ ಕೂಡಿ ತಾವು ಮಾಡಿದ ಸಾಮಗ್ರಿಯನ್ನು ಒಬ್ಬರಿಗೊಬ್ಬರು ತೋರಿಸಲಿ ಎಂಬುದೇ ಸಮಾಲೋಚನಾ ಸಭೆಯ ಮೂಲ ಉದ್ದೇಶ. ಈಗ ಆ ಸಭೆಯ ಹೆಚ್ಚಿನ ಹೊತ್ತು ಮಾಹಿತಿ ನಮೂನೆ ತುಂಬುವುದರಲ್ಲಿ ಹೋಗುತ್ತದೆ. ಅದರಲ್ಲಿ ಅರ್ಧ ಗಂಟೆಯನ್ನಾದರೂ ಹಿಂದಕ್ಕೆ ಪಡೆಯಬೇಕು. ಪ್ರತಿ ಕ್ಲಸ್ಟರಿಗೆ ಒಂದು ಪೆನ್‌ಡ್ರೈವ್ ಸಾಕು. ತರಗತಿವಾರು ಕೋಶ, ಅದರೊಳಗೆ ಪಾಠವಾರು ಕೋಶ. ಒಬ್ಬೊಬ್ಬರು ತಿಂಗಳಿಗೆ ಒಂದೇ ಒಂದು ಸಾಮಗ್ರಿ ಹಾಕಲಿ: ಬಳಸಿ ನೋಡಿದ್ದು, ಮಕ್ಕಳಿಗೆ ಹಿಡಿಸಿದ್ದು, ಎಲ್ಲಿಂದ ಬಂತು, ಯಾವ ವರ್ಷದ ಪಠ್ಯಕ್ಕೆ ಎಂದು ಬರೆದದ್ದು. ಪಠ್ಯ ಬದಲಾದ ವರ್ಷ ಹಳೆಯದನ್ನು ಬೇರೆ ಕೋಶಕ್ಕೆ ಸರಿಸಬೇಕು. ಮೊದಲ ತಿಂಗಳಿಗೆ ಮಸ್ಕಿಯವರು ಬ್ರಾಹ್ಮಿ ಹಾಳೆಗಳನ್ನು ಹಾಕಲಿ, ಹಟ್ಟಿ ಕಡೆಯವರು ಗಣಿಯ ಪಾಠ ಹಾಕಲಿ, ಸಿಂಧನೂರಿನವರು ಎರಡು ಭಾಷೆಯ ಕಥೆಗಳನ್ನು ಹಾಕಲಿ.